ಧರ್ಮಕೇಂದ್ರದ ಸಂಗೀತಕ್ಕೆ ಮುಂದಿನ ದಾರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಚರ್ಚ್ ಸಂಗೀತದ ಮುಂದಿನ ದಿನಗಳ ಬಗ್ಗೆ ಮಾತು ಶುರುವಾಗುವುದೇ ಏನಾದರೂ ಕೈ ತಪ್ಪಿದಾಗ. ಆರ್ಗನ್ ನುಡಿಸುವವರು ಬಿಡುತ್ತಿದ್ದಾರೆ, ಗಾಯನ ವೃಂದದಲ್ಲಿ ಆರೇ ಜನ ಉಳಿದಿದ್ದಾರೆ, ವಾದ್ಯ ಕೆಟ್ಟು ಕೂತಿದೆ. ಆಗ ಕೇಳಿಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ಕಥೋಲಿಕ ಧರ್ಮಕೇಂದ್ರಗಳನ್ನು, ಅಂದರೆ ಪ್ಯಾರಿಷ್‌ಗಳನ್ನು, ಮನಸ್ಸಿನಲ್ಲಿಟ್ಟುಕೊಂಡು ಇಲ್ಲಿ ಉತ್ತರ ಬರೆದಿದ್ದೇನೆ. ಬೇರೆ ಸಭೆಗಳವರಿಗೂ ಬಹುಪಾಲು ಹೊಂದುತ್ತದೆ.

ಈಗ ಎಲ್ಲ ಚೆನ್ನಾಗಿಯೇ ನಡೆಯುತ್ತಿದೆಯಲ್ಲ, ಯೋಜನೆ ಯಾಕೆ ಬೇಕು?

ಚೆನ್ನಾಗಿ ನಡೆಯುತ್ತಿರುವಾಗಲೇ ಬೇಕು. ಎಷ್ಟೋ ಧರ್ಮಕೇಂದ್ರಗಳಲ್ಲಿ ಇಡೀ ಸಂಗೀತ ಒಬ್ಬರ ಅಥವಾ ಇಬ್ಬರ ಹೆಗಲ ಮೇಲೆ ನಿಂತಿರುತ್ತದೆ. ಅವರು ಎಷ್ಟು ಒಳ್ಳೆಯವರೋ ಅಷ್ಟೂ ಈ ಸತ್ಯ ಕಣ್ಣಿಗೆ ಬೀಳುವುದಿಲ್ಲ. ಪ್ರತಿ ಭಾನುವಾರ ಬರುತ್ತಾರೆ, ನುಡಿಸುತ್ತಾರೆ, ಬಾಗಿಲು ಹಾಕಿಕೊಂಡು ಹೋಗುತ್ತಾರೆ. ಅವರು ಊರು ಬದಲಿಸಿದ ವಾರವೇ ಎಲ್ಲ ಗೊತ್ತಾಗುವುದು.

ಸಂಗೀತದ ಕೆಲಸಗಳಿಗೆ ಹಿಡಿಯುವ ಸಮಯವೂ ಜಾಸ್ತಿ. ಪೂಜೆಗೆ (ಮಾಸ್‌ಗೆ) ಧೈರ್ಯವಾಗಿ ನುಡಿಸಬಲ್ಲ ಒಬ್ಬರನ್ನು ತಯಾರು ಮಾಡಲು ವರ್ಷಗಳೇ ಬೇಕು. ಕೈಯ ಜೊತೆ ಕಾಲಿನ ಪೆಡಲ್ ಕೂಡ ಕಲಿಯಬೇಕಾದರಂತೂ ಇನ್ನೂ ನಿಧಾನ. ಇವತ್ತು ಎಂಟು ವರ್ಷದ ಮಗುವಿಗೆ ಹೇಳಿಕೊಡಲು ಶುರು ಮಾಡಿದರೆ, ಆ ಮಗು ಒಂದು ಪೂಜೆಯನ್ನು ಒಬ್ಬರೇ ನಿಭಾಯಿಸುವ ಹೊತ್ತಿಗೆ ಹೈಸ್ಕೂಲು ಮುಗಿದಿರುತ್ತದೆ. ತಡಮಾಡಿದರೆ ಕಳೆದುಕೊಳ್ಳುವುದು ಈ ವರ್ಷಗಳನ್ನೇ.

ಎಲ್ಲಿಂದ ಶುರು ಮಾಡಬೇಕು?

ಕಿವಿಯಿಂದ. ನಾಲ್ಕು ಭಾನುವಾರ ಗಾಯನ ವೃಂದದ ಜೊತೆ ನಿಲ್ಲದೆ ಜನರ ನಡುವೆ ಬೆಂಚಿನಲ್ಲಿ ಕೂತು ಕೇಳಿ. ಒಂದು ವಾರ ಮುಂದೆ, ಒಂದು ವಾರ ನಡುವೆ, ಒಂದು ವಾರ ಕಟ್ಟಕಡೆಯ ಸಾಲು, ಒಂದು ವಾರ ಕಂಬದ ಹಿಂದೆ. ಪಕ್ಕದವರ ದನಿ ನಿಮಗೆ ಕೇಳುತ್ತದೆಯೇ? ಪಲ್ಲವಿ ಹಾಡಿದವರು ಚರಣ ಬಂದಾಗ ಬಾಯಿ ಮುಚ್ಚುತ್ತಾರೆಯೇ? ಯಾವ ಹಾಡಿಗೆ ಜನ ಪುಸ್ತಕದಿಂದ ತಲೆ ಎತ್ತುತ್ತಾರೆ? ಹಿಂದಿನ ಗ್ಯಾಲರಿಯಲ್ಲಿ, ಅಂದರೆ ಮೇಲಿನ ಅಟ್ಟದಲ್ಲಿ, ಹಾಡುವವರಿಗೆ ಇದು ಯಾವುದೂ ತಿಳಿಯುವುದಿಲ್ಲ. ಅವರಿಗೆ ಕೇಳುವುದು ಅವರದೇ ದನಿ.

ಆಮೇಲೆ ಒಂದು ಪಟ್ಟಿ ಮಾಡಿ. ಕಳೆದ ಒಂದು ವರ್ಷದಲ್ಲಿ ಹಾಡಿದ ಪ್ರತಿ ಹಾಡು, ಅದು ಬಂದ ದಿನ, ಯಾವ ಶ್ರುತಿಯಲ್ಲಿ ಹಾಡಿದ್ದು, ಜನ ಸೇರಿಕೊಂಡರೋ ಇಲ್ಲವೋ. ಈ ಪಟ್ಟಿ ಮಾಡುವುದು ಬೇಸರದ ಕೆಲಸ, ಆದರೆ ಇಷ್ಟು ಪ್ರಯೋಜನ ಕೊಡುವ ಕೆಲಸ ಬೇರೊಂದಿಲ್ಲ. ವರ್ಷಕ್ಕೆ ಒಂದೇ ಸಲ ಬಂದುಹೋದ ಹಾಡುಗಳು ಎಷ್ಟಿವೆ ಎಂದು ನೋಡಿದಾಗ ಬಹಳ ಜನರಿಗೆ ಆಶ್ಚರ್ಯವಾಗುತ್ತದೆ. ಗಾಯನ ವೃಂದಕ್ಕೆ ಹತ್ತು ಸಲ ಪ್ರಾಕ್ಟೀಸ್ ಮಾಡಿದ ಹಾಡು ಅದು. ಬೆಂಚಿನಲ್ಲಿ ಕೂತವರಿಗೆ ಕಳೆದ ಕ್ರಿಸ್ಮಸ್ಸಿನ ನಂತರ ಮೊದಲ ಸಲ.

ಜನರನ್ನು ಕೇಳುವಾಗ "ನಿಮಗೆ ಯಾವ ಹಾಡು ಇಷ್ಟ?" ಎಂದು ಕೇಳಬೇಡಿ. ಇನ್ನೂರು ಜನ ಇನ್ನೂರು ಹಾಡು ಹೇಳುತ್ತಾರೆ. "ಪುಸ್ತಕ ಇಲ್ಲದೆ ಯಾವ ಹಾಡು ಹಾಡಬಲ್ಲಿರಿ?" ಎಂದು ಕೇಳಿ. "ನಿಮ್ಮ ಮನೆಯವರ ಅಂತ್ಯಕ್ರಿಯೆಯಲ್ಲಿ ಯಾವ ಹಾಡು ಬೇಕು?" ಎಂದೂ ಕೇಳಿ. ಈ ಎರಡಕ್ಕೂ ಬರುವ ಉತ್ತರಗಳಲ್ಲಿ ನಿಮ್ಮ ಧರ್ಮಕೇಂದ್ರದ ನಿಜವಾದ ಹಾಡಿನ ಪುಸ್ತಕ ಇದೆ.

ಯಾರು ಕೂತು ಯೋಜನೆ ಮಾಡಬೇಕು?

ಆರೇಳು ಜನ ಸಾಕು. ಧರ್ಮಕೇಂದ್ರದ ಗುರುಗಳು ಇರಲೇಬೇಕು, ಅವರಿಲ್ಲದೆ ಮಾಡಿದ ಯೋಜನೆ ಕಾಗದದಲ್ಲೇ ಉಳಿಯುತ್ತದೆ. ಸಂಗೀತ ನೋಡಿಕೊಳ್ಳುವವರು, ಲೆಕ್ಕ ನೋಡುವವರು, ಒಬ್ಬರು ಯುವಕ ಅಥವಾ ಯುವತಿ, ಚಿಕ್ಕ ಮಕ್ಕಳ ತಂದೆ ಅಥವಾ ತಾಯಿ ಒಬ್ಬರು. ಗಾಯನ ವೃಂದಕ್ಕೆ ಸೇರದ, ಸುಮ್ನೆ ಬಂದು ಪ್ರಾರ್ಥಿಸಿ ಹೋಗುವ ಒಬ್ಬರು ಇರಲೇಬೇಕು. ಸಭೆಯಲ್ಲಿ ಅವರ ಮಾತಿಗೆ ಕಿವಿ ಕೊಡಿ.

ಪೂಜೆಯಲ್ಲಿ ಎಲ್ಲಕ್ಕಿಂತ ಮೊದಲು ಏನನ್ನು ಹಾಡಬೇಕು?

ಹೆಚ್ಚಿನವರು ಪ್ರವೇಶ ಗೀತೆ, ಕಾಣಿಕೆಯ ಗೀತೆ, ಪರಮಪ್ರಸಾದದ ಗೀತೆ, ಕೊನೆಯ ಗೀತೆ ಎಂದು ನಾಲ್ಕು ಹೇಳುತ್ತಾರೆ. ನಾಲ್ಕು ಹಾಡು ಆರಿಸಿದರೆ ಆ ಭಾನುವಾರದ ಸಂಗೀತ ಮುಗಿಯಿತು ಎಂಬ ಅಭ್ಯಾಸ ಎಲ್ಲ ಕಡೆ ಇದೆ. ಧರ್ಮಸಭೆ ಹೇಳಿರುವ ಕ್ರಮ ಮಾತ್ರ ಬೇರೆ.

ಜಗತ್ತಿನ ಕಥೋಲಿಕ ಬಿಷಪರೆಲ್ಲ ಸೇರಿದ ಎರಡನೆಯ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್ 4ರಂದು ದೈವಾರಾಧನೆಯ ಸಂವಿಧಾನವನ್ನು ಹೊರಡಿಸಿತು. ಅದರ ಆರನೆಯ ಅಧ್ಯಾಯ ಪೂರ್ತಿ ಸಂಗೀತದ್ದು. ಅದನ್ನು ಆಚರಣೆಗೆ ತರಲು 1967ರ ಮಾರ್ಚ್ 5ರಂದು 'ಮೂಸಿಕಾಂ ಸಾಕ್ರಾಂ' ಎಂಬ ಸೂಚನಾಪತ್ರ ಬಂತು. ಪೂಜೆಯಲ್ಲಿ ಹಾಡುವ ಭಾಗಗಳನ್ನು ಅದು ಮೂರು ಹಂತವಾಗಿ ವಿಂಗಡಿಸುತ್ತದೆ. ಮೊದಲ ಹಂತದಲ್ಲಿ ಗುರುಗಳ ಅಭಿವಂದನೆ ಮತ್ತು ಜನರ ಉತ್ತರ, ಪ್ರಾರ್ಥನೆಗಳು, ಶುಭಸಂದೇಶದ ಘೋಷಗಳು, 'ಪವಿತ್ರ, ಪವಿತ್ರ', ಪ್ರಭುವಿನ ಪ್ರಾರ್ಥನೆ. ಎರಡನೆಯದರಲ್ಲಿ 'ಪ್ರಭುವೇ ದಯೆತೋರಿ', ಮಹಿಮಾಗೀತೆ, ವಿಶ್ವಾಸ ಪ್ರಮಾಣ, 'ದೇವರ ಕುರಿಮರಿ', ಭಕ್ತರ ಬಿನ್ನಹಗಳು. ಪ್ರವೇಶ ಗೀತೆ, ಕಾಣಿಕೆ ಗೀತೆ, ಪರಮಪ್ರಸಾದ ಗೀತೆ ಎಲ್ಲ ಬರುವುದು ಮೂರನೆಯದರಲ್ಲಿ! ಮೊದಲ ಹಂತವನ್ನು ಮಾತ್ರ ಹಾಡಿದರೂ ನಡೆಯುತ್ತದೆ, ಆದರೆ ಮೊದಲನೆಯದನ್ನು ಬಿಟ್ಟು ಎರಡನೆಯದನ್ನಾಗಲಿ ಮೂರನೆಯದನ್ನಾಗಲಿ ಹಾಡಬಾರದು ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ.

ಯೋಜನೆಗೆ ಇದರಿಂದ ಏನು ಸಿಗುತ್ತದೆ? ಮೊದಲ ಹಂತದ ಭಾಗಗಳ ಮಾತು ಪ್ರತಿ ವಾರವೂ ಹೆಚ್ಚುಕಡಿಮೆ ಅದೇ. ರಾಗ ಸರಳ, ಮೂರು ನಾಲ್ಕು ಸ್ವರದೊಳಗೇ ಮುಗಿಯುತ್ತದೆ. ವಾದ್ಯ ಬೇಕಿಲ್ಲ. ಪುಸ್ತಕ ಬೇಕಿಲ್ಲ. ಒಂದು ಸಲ ಜನರ ಬಾಯಿಗೆ ಬಂದರೆ ಯಾರು ಬಿಟ್ಟುಹೋದರೂ ಅದು ಉಳಿಯುತ್ತದೆ. ಕರೆಂಟ್ ಹೋದ ದಿನ, ಆರ್ಗನಿಸ್ಟ್ ಬಾರದ ದಿನ, ವಾರದ ನಡುವಿನ ಅಂತ್ಯಕ್ರಿಯೆಯ ದಿನ ನಿಮ್ಮ ಜನ ಏನು ಹಾಡಬಲ್ಲರೋ ಅದೇ ನಿಮ್ಮ ಸಂಗೀತದ ಅಡಿಪಾಯ. ಯೋಜನೆಯ ಮೊದಲ ವರ್ಷವನ್ನು ಇದಕ್ಕೇ ಕೊಡಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇದಕ್ಕೆ ಗುರುಗಳು ಹಾಡಬೇಕಾಗುತ್ತದೆ. "ನನ್ನ ಕಂಠ ಚೆನ್ನಾಗಿಲ್ಲ" ಎನ್ನುವವರೂ ಒಂದೇ ಸ್ವರದಲ್ಲಿ ಎಳೆದು ಕೊನೆಗೆ ಒಂದು ಸ್ವರ ಇಳಿಸಿದರೆ ಸಾಕು. ಗಾಯನ ವೃಂದದ ಒಬ್ಬರು ಪೂಜೆಗೆ ಮುಂಚೆ ಹತ್ತು ನಿಮಿಷ ಅವರ ಜೊತೆ ಕೂತು ಶ್ರುತಿ ಹಿಡಿದು ಹೇಳಿಕೊಟ್ಟರೆ ನಾಲ್ಕಾರು ವಾರದಲ್ಲಿ ಬರುತ್ತದೆ.

ಜನ ಹಾಡುವುದೇ ಇಲ್ಲ. ಏನು ಮಾಡುವುದು?

ಜನರಿಗೆ ಭಕ್ತಿ ಇಲ್ಲ ಎಂದು ಬೈಯುವ ಮುಂಚೆ ನಾಲ್ಕು ವಿಷಯ ನೋಡಿ.

ಮೊದಲನೆಯದು ಶ್ರುತಿ. ಗಂಡಸರು, ಹೆಂಗಸರು, ಮುದುಕರು, ಮಕ್ಕಳು ಎಲ್ಲ ಸೇರಿ ಹಾಡುವಾಗ, ಪಾಶ್ಚಾತ್ಯ ಸ್ವರಗಳ ಹೆಸರಿನಲ್ಲಿ ಹೇಳುವುದಾದರೆ, ಕೆಳಗೆ ಬಿ-ಫ್ಲ್ಯಾಟ್‌ನಿಂದ ಮೇಲೆ ಡಿ ತನಕ ಸಲೀಸು. ಇ-ಫ್ಲ್ಯಾಟ್‌ಗೆ ಕುತ್ತಿಗೆ ಚಾಚಬೇಕು. ಎಫ್‌ಗೆ ಹೋದರೆ ಅರ್ಧ ಜನ ನಿಲ್ಲಿಸಿಬಿಡುತ್ತಾರೆ. ಗಾಯನ ವೃಂದದ ಸೊಪ್ರಾನೊಗಳಿಗೆ (ಮೇಲಿನ ದನಿಯವರಿಗೆ) ಅದೇ ಎಫ್ ಖುಷಿ ಕೊಡುವ ಸ್ವರ, ಹಾಗಾಗಿ ಅವರಿಗೆ ತೊಂದರೆ ಗೊತ್ತಾಗುವುದೇ ಇಲ್ಲ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಹಾಡು ಎಫ್ ಮೇಜರ್‌ನಲ್ಲಿದೆ, ಪಲ್ಲವಿ ಮೇಲಿನ ಎಫ್ ಮುಟ್ಟುತ್ತದೆ, ಚರಣ ಕೆಳಗಿನ ಸಿ-ಗೆ ಇಳಿಯುತ್ತದೆ. ಡಿ ಮೇಜರ್‌ಗೆ ಇಳಿಸಿದರೆ ಮೇಲೆ ಡಿ ಆಯಿತು, ಸುಖ. ಆದರೆ ಕೆಳಗೆ ಎ ತನಕ ಹೋಗುತ್ತದೆ, ಅಲ್ಲಿ ದನಿ ಗಂಟಲಲ್ಲೇ ಉಳಿಯುತ್ತದೆ. ಇ-ಫ್ಲ್ಯಾಟ್‌ನಲ್ಲಿ ಇಟ್ಟರೆ ಮೇಲೆ ಇ-ಫ್ಲ್ಯಾಟ್, ಕೆಳಗೆ ಬಿ-ಫ್ಲ್ಯಾಟ್. ಎರಡೂ ತುದಿ ನಿಭಾಯಿಸಬಹುದು. ಹೀಗೆ ಹಾಡು ಹಾಡಾಗಿ ಕೂತು ನೋಡಿ, ಒಪ್ಪಿದ ಶ್ರುತಿಯನ್ನು ಆ ಪಟ್ಟಿಯಲ್ಲೇ ಬರೆದಿಡಿ. ಬೆಳಗಿನ ಮೊದಲ ಪೂಜೆಗೆ ಇನ್ನೂ ಅರ್ಧ ಸ್ವರ ಇಳಿಸಿದರೆ ತಪ್ಪಿಲ್ಲ, ಆ ಹೊತ್ತಿಗೆ ಗಂಟಲು ತೆರೆದಿರುವುದಿಲ್ಲ. ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಬಟನ್ ಇದ್ದರೆ ಇದು ಒಂದು ಕ್ಷಣದ ಕೆಲಸ.

ಎರಡನೆಯದು ಮೈಕ್. ಮುಂದೆ ನಿಂತು ಹಾಡಿಸುವವರ ದನಿಯೇ ಸ್ಪೀಕರ್ ತುಂಬಿದರೆ ಜನ ಕೇಳುಗರಾಗುತ್ತಾರೆ. ಜನ ಸೇರಿಕೊಂಡ ಕೂಡಲೇ ಹಾಡಿಸುವವರು ಮೈಕ್‌ನಿಂದ ಒಂದು ಹೆಜ್ಜೆ ಹಿಂದೆ ಸರಿಯಬೇಕು. ಇದೊಂದೇ ಬದಲಾವಣೆಯಿಂದ ಒಂದು ತಿಂಗಳಲ್ಲಿ ವ್ಯತ್ಯಾಸ ಕೇಳುತ್ತದೆ.

ಮೂರನೆಯದು ದೂರ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಹಿಂದಿನ ಗ್ಯಾಲರಿಯಿಂದ ಮುಂದಿನ ಬೆಂಚಿಗೆ 34 ಮೀಟರ್ ಇದ್ದರೆ ಸೆಕೆಂಡಿನ ಹತ್ತನೇ ಒಂದು ಪಾಲು ತಡ. ಮುಂದಿನವರು ತಡವಾಗಿ ಕೇಳಿ ಹಾಡುತ್ತಾರೆ, ಅವರ ದನಿ ಗ್ಯಾಲರಿಗೆ ತಿರುಗಿ ಬರುವಾಗ ಇನ್ನಷ್ಟು ತಡ. ನುಡಿಸುವವರು ಜನರಿಗಾಗಿ ಕಾದರೆ ಹಾಡು ಎಳೆಯುತ್ತಾ ಹೋಗುತ್ತದೆ. ಜನ ಎಳೆಯುತ್ತಾರೆ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇಷ್ಟೇ. ಗ್ಯಾಲರಿಯಲ್ಲಿರುವವರು ಕೇಳಿಬರುವ ದನಿಗೆ ಕಾಯದೆ ತಮ್ಮ ಲಯದಲ್ಲೇ ಹೋಗಬೇಕು. ಆಗದಿದ್ದರೆ ಗಾಯನ ವೃಂದವನ್ನು ಕೆಳಗೆ, ಜನರ ಪಕ್ಕಕ್ಕೆ ತರಬೇಕು. ಕೆಳಗೆ ಬಂದ ಗಾಯನ ವೃಂದ ಜನರನ್ನು ಸುಲಭವಾಗಿ ಜೊತೆಗೆ ಕರೆದುಕೊಂಡು ಹೋಗುತ್ತದೆ.

ನಾಲ್ಕನೆಯದು ಉಸಿರು. ಚರಣಗಳ ನಡುವೆ ಜನ ಉಸಿರು ತೆಗೆದುಕೊಳ್ಳುವಷ್ಟು ಜಾಗ ಬಿಡಬೇಕು, ಪ್ರತಿ ಸಲವೂ ಅಷ್ಟೇ ಬಿಡಬೇಕು. ಒಮ್ಮೆ ಎರಡು ತಾಳ, ಒಮ್ಮೆ ಮೂರು ಎಂದಾದರೆ ಯಾವಾಗ ಶುರು ಮಾಡಬೇಕೋ ತಿಳಿಯದೆ ಎಲ್ಲರೂ ಪಕ್ಕದವರ ಮುಖ ನೋಡುತ್ತಾರೆ.

ಇನ್ನು ಕಟ್ಟಡ. ನೆಲಕ್ಕೆಲ್ಲ ದಪ್ಪ ಕಾರ್ಪೆಟ್ ಹಾಸುವ ಪ್ರಸ್ತಾಪ ಬಂದರೆ ಸಂಗೀತದವರು ಎದ್ದು ನಿಂತು ಮಾತಾಡಬೇಕು. ಕಾರ್ಪೆಟ್ ದನಿಯನ್ನು ನುಂಗುತ್ತದೆ. ಪ್ರತಿಯೊಬ್ಬರಿಗೂ ತಾನು ಒಬ್ಬಂಟಿಯಾಗಿ ಹಾಡುತ್ತಿದ್ದೇನೆ ಅನ್ನಿಸಿದರೆ ಯಾರು ಹಾಡುತ್ತಾರೆ, ಹೇಳಿ?

ವರ್ಷಕ್ಕೆ ಎಷ್ಟು ಹೊಸ ಹಾಡು ಕಲಿಸಬಹುದು?

ನಾಲ್ಕರಿಂದ ಆರು. ಹೊಸದನ್ನು ಪೂಜೆ ಶುರುವಾಗುವ ಮುಂಚೆ ಐದು ನಿಮಿಷ ಹೇಳಿಕೊಡಿ, ಮುಂದಿನ ನಾಲ್ಕು ಭಾನುವಾರ ಬಿಡದೆ ಹಾಡಿ, ಒಂದು ತಿಂಗಳು ಬಿಟ್ಟು ಮತ್ತೆ ತನ್ನಿ. ಗಾಯನ ವೃಂದಕ್ಕೆ ಬೇಸರ ಬರುವ ಹೊತ್ತಿಗೆ ಜನರಿಗೆ ಹಾಡು ಹಿಡಿಯಲು ಶುರುವಾಗಿರುತ್ತದೆ. ಅಲ್ಲಿ ಕೈಬಿಡಬೇಡಿ.

ಹಳೆಯ ಹಾಡೇ ಇರಲಿ ಎನ್ನುವವರು ಒಂದು ಕಡೆ, ಹೊಸದು ಬೇಕು ಎನ್ನುವವರು ಇನ್ನೊಂದು ಕಡೆ. ಹೇಗೆ ತೂಗಿಸುವುದು?

ಮೊದಲು 'ಹಳೆಯದು' ಎಂದರೆ ಯಾವುದು ಎಂದು ಕೇಳಿ. ಪೋಪ್ ಹತ್ತನೇ ಪಿಯೂಸರು 1903ರ ನವೆಂಬರ್ 22ರಂದು, ಸಂತ ಸಿಸಿಲಿಯಾಳ ಹಬ್ಬದ ದಿನ, ಚರ್ಚ್ ಸಂಗೀತದ ಬಗ್ಗೆ ಹೊರಡಿಸಿದ ಆಜ್ಞೆಯಲ್ಲಿ ಹೆಂಗಸರು ಗಾಯನ ವೃಂದದಲ್ಲಿ ಇರಬಾರದು, ಪಿಯಾನೊ ಚರ್ಚಿನೊಳಗೆ ಬರಬಾರದು ಎಂದಿತ್ತು. 1967ರ ಸೂಚನಾಪತ್ರ ಹೆಂಗಸರೂ ಗಂಡಸರೂ ಸೇರಿದ ವೃಂದವನ್ನು, ಕಾರಣ ಇದ್ದಲ್ಲಿ ಹೆಂಗಸರದೇ ವೃಂದವನ್ನೂ ಒಪ್ಪಿತು. ಆಯಾ ಜನರ ಸಂಸ್ಕೃತಿಯ ವಾದ್ಯಗಳು ಆರಾಧನೆಗೆ ಒಪ್ಪುವಂತಿದ್ದರೆ, ಅಧಿಕಾರ ಉಳ್ಳವರ ಸಮ್ಮತಿಯಿಂದ ಬಳಸಬಹುದು ಎಂದಿತು. ಅದೇ ಹೊತ್ತಿಗೆ 1963ರ ಸಂವಿಧಾನ ಗ್ರೆಗೋರಿಯನ್ ಗಾಯನಕ್ಕೆ (ಒಂದೇ ದನಿಯ ಹಳೆಯ ಲ್ಯಾಟಿನ್ ಹಾಡಿಕೆಗೆ) ಮೊದಲ ಸ್ಥಾನ ಕೊಟ್ಟಿದೆ, ಕೊಳವೆ ಆರ್ಗನ್ನನ್ನು ಬಹಳ ಗೌರವದಿಂದ ಕಾಣಬೇಕು ಎಂದಿದೆ, ಜನಪದ ಭಕ್ತಿಗೀತೆಗಳನ್ನೂ ಬೆಳೆಸಬೇಕು ಎಂದಿದೆ. ಎರಡೂ ಕಡೆಯವರಿಗೆ ಅಲ್ಲಿ ಜಾಗ ಇದೆ.

ನನ್ನ ಸಲಹೆ ಇಷ್ಟು. ಹಾಡನ್ನು ವಯಸ್ಸಿನಿಂದ ಅಳೆಯಬೇಡಿ. ಮೂರು ಪ್ರಶ್ನೆ ಕೇಳಿ: ಮಾತು ನಮ್ಮ ವಿಶ್ವಾಸಕ್ಕೆ ಸರಿಯೇ? ರಾಗ ಜನರ ಗಂಟಲಿಗೆ ಒಗ್ಗುತ್ತದೆಯೇ? ಪೂಜೆಯ ಆ ಜಾಗಕ್ಕೆ ಒಪ್ಪುತ್ತದೆಯೇ? ಮೂರಕ್ಕೂ ಹೌದು ಎಂದಾದರೆ ಅದು ಹಳೆಯದಿರಲಿ, ಹೊಸದಿರಲಿ, ಇರಲಿ. ಯುವಜನರಿಗೊಂದು ಪೂಜೆ, ಹಿರಿಯರಿಗೊಂದು ಪೂಜೆ ಎಂದು ಪೂರ್ತಿ ಬೇರೆ ಮಾಡಿಬಿಟ್ಟರೆ ಜಗಳ ನಿಲ್ಲುತ್ತದೆ ನಿಜ. ಆದರೆ ಪಾಸ್ಖ (ಈಸ್ಟರ್) ಜಾಗರಣೆಯ ರಾತ್ರಿ ಎಲ್ಲರೂ ಒಂದೇ ಕಡೆ ಸೇರಿದಾಗ ಎಲ್ಲರಿಗೂ ಬರುವ ಹಾಡೇ ಇರುವುದಿಲ್ಲ. ಕನಿಷ್ಠ ಮೂವತ್ತು ಹಾಡು ಎಲ್ಲ ಪೂಜೆಗಳಿಗೂ ಸಾಮಾನ್ಯವಾಗಿರಲಿ.

ಗಾಯನ ವೃಂದದಲ್ಲಿ ಎಲ್ಲರಿಗೂ ವಯಸ್ಸಾಗಿದೆ. ಹೊಸಬರು ಬರುತ್ತಿಲ್ಲ.

ಪ್ರಕಟಣೆ ಓದಿದರೆ ಯಾರೂ ಬರುವುದಿಲ್ಲ. "ಆಸಕ್ತರು ಸೇರಬಹುದು" ಎಂದಾಗ ಪ್ರತಿಯೊಬ್ಬರೂ ಅದು ಬೇರೆ ಯಾರಿಗೋ ಹೇಳಿದ್ದು ಅಂದುಕೊಳ್ಳುತ್ತಾರೆ. ಬೆಂಚಿನಲ್ಲಿ ನೀವು ಕೂತ ನಾಲ್ಕು ಭಾನುವಾರ ನೆನಪಿದೆಯಲ್ಲ, ಆಗ ಯಾರ ದನಿ ಚೆನ್ನಾಗಿ ಕೇಳಿತೋ ಅವರನ್ನು ಪೂಜೆಯ ನಂತರ ಹೊರಗೆ ಮಾತಾಡಿಸಿ. "ನಿಮ್ಮ ದನಿ ಕೇಳಿದೆ, ಕ್ರಿಸ್ಮಸ್ ತನಕ ಆರು ವಾರ ಬನ್ನಿ" ಎನ್ನಿ. ಅವಧಿ ಹೇಳಿ ಕರೆದರೆ ಬರುತ್ತಾರೆ. ಜೀವನಪೂರ್ತಿ ಪ್ರತಿ ಬುಧವಾರ ಎಂದರೆ ಕೆಲಸಕ್ಕೆ ಹೋಗುವವರು, ಚಿಕ್ಕ ಮಕ್ಕಳಿರುವವರು ಹೆದರುತ್ತಾರೆ. ಆರು ವಾರಕ್ಕೆ ಬಂದವರಲ್ಲಿ ಕೆಲವರು ಉಳಿಯುತ್ತಾರೆ.

ಪ್ರಾಕ್ಟೀಸ್ ಹೇಳಿದ ಹೊತ್ತಿಗೆ ಶುರುವಾಗಲಿ, ಹೇಳಿದ ಹೊತ್ತಿಗೆ ಮುಗಿಯಲಿ. ಹೊಸಬರು ನಿಲ್ಲದಿರಲು ಇದಕ್ಕಿಂತ ದೊಡ್ಡ ಕಾರಣ ನಾನು ಕಂಡಿಲ್ಲ.

ಹಿರಿಯರನ್ನು ಹೊರಗೆ ಕಳಿಸುವ ಮಾತು ಮಾತ್ರ ಆಡಬೇಡಿ. ವಯಸ್ಸಾದಂತೆ ಮೇಲಿನ ಸ್ವರ ಕೈಕೊಡುತ್ತದೆ, ಉಸಿರು ಚಿಕ್ಕದಾಗುತ್ತದೆ. ಸೊಪ್ರಾನೊ ಹಾಡುತ್ತಿದ್ದವರನ್ನು ಅದಕ್ಕಿಂತ ಕೆಳಗಿನ ಆಲ್ಟೊ ದನಿಗೆ ಸರಿಸಿ, ನಾಲ್ಕು ದನಿಯ ಹಾಡಿನ ಬದಲು ಎರಡು ದನಿಯದ್ದು ಆರಿಸಿ. ವಾರದ ನಡುವೆ ಬೆಳಿಗ್ಗೆ ನಡೆಯುವ ಅಂತ್ಯಕ್ರಿಯೆಯ ಪೂಜೆಗೆ ಬರಬಲ್ಲವರು ಬಹುತೇಕ ನಿವೃತ್ತರೇ. ಅವರದೊಂದು ಸಣ್ಣ ತಂಡ ಮಾಡಿ, ಐದಾರು ಹಾಡು, ಬೈಬಲಿನ ಒಂದು ಕೀರ್ತನೆ ಗಟ್ಟಿ ಮಾಡಿಸಿ. ದುಃಖದಲ್ಲಿರುವ ಮನೆಯವರಿಗೆ ಹಾಡಲು ಆಗುವುದಿಲ್ಲ, ಅವರ ಪರವಾಗಿ ಯಾರಾದರೂ ಹಾಡಬೇಕು. ಧರ್ಮಕೇಂದ್ರದ ಸಂಗೀತಕ್ಕೆ ಇದಕ್ಕಿಂತ ಮುಖ್ಯವಾದ ಸೇವೆ ಇದೆ ಎಂದು ನನಗೆ ಅನ್ನಿಸುವುದಿಲ್ಲ.

ಮಕ್ಕಳನ್ನು ಹೇಗೆ ತೊಡಗಿಸುವುದು?

ಕ್ರಿಸ್ಮಸ್ಸಿಗೆ ಒಂದು ದಿನ ವೇದಿಕೆ ಹತ್ತಿಸಿ ಫೋಟೊ ತೆಗೆಸುವುದು ಸಾಲದು. ತಿಂಗಳಿಗೆ ಒಂದು ಭಾನುವಾರ ಅವರಿಗೆ ನಿಜವಾದ ಕೆಲಸ ಕೊಡಿ: ಕೀರ್ತನೆಯ ಪಲ್ಲವಿ, ಅಲ್ಲೆಲೂಯ. ಕೂಗಿ ಹಾಡಿಸಬೇಡಿ. "ಇನ್ನೂ ಜೋರಾಗಿ" ಎಂದಾಗಲೆಲ್ಲ ಮಕ್ಕಳು ಗಂಟಲು ಹಿಂಡುತ್ತಾರೆ. ಹುಡುಗರಿಗೆ ಹನ್ನೆರಡು ಹದಿಮೂರಕ್ಕೆ ದನಿ ಒಡೆಯಲು ಶುರುವಾದಾಗ ನಾಚಿಕೊಂಡು ಬಿಟ್ಟುಬಿಡುತ್ತಾರೆ. ಆ ಒಂದೆರಡು ವರ್ಷ ಅವರನ್ನು ಮಿಕ್ಸರ್ ಹತ್ತಿರ, ಗಿಟಾರ್ ಹತ್ತಿರ, ಪುಟ ತಿರುಗಿಸುವ ಜಾಗದಲ್ಲಿ ಇಟ್ಟುಕೊಳ್ಳಿ. ಹೋದವರು ಮತ್ತೆ ಬರುವುದು ಕಷ್ಟ.

ಸ್ವರಲಿಪಿ ಓದಲು ಕಲಿಸಿ. 11ನೇ ಶತಮಾನದಲ್ಲಿ ಅರೆಝೊದ ಗೀದೊ ಎಂಬ ಸನ್ಯಾಸಿ ಗೆರೆಗಳ ಮೇಲೆ ಸ್ವರ ಬರೆಯುವ, ಉತ್-ರೆ-ಮಿ-ಫಾ-ಸೊಲ್-ಲಾ ಎಂದು ಗುರುತಿಸುವ ಕ್ರಮ ತಂದಾಗ ಹತ್ತು ವರ್ಷ ಹಿಡಿಯುತ್ತಿದ್ದ ಕಲಿಕೆ ಒಂದೆರಡು ವರ್ಷಕ್ಕೆ ಇಳಿಯಿತು ಎಂದು ಅವನೇ ಬರೆದಿದ್ದಾನೆ. 1524ರಲ್ಲಿ ವಿಟ್ಟೆನ್‌ಬರ್ಗ್‌ನಲ್ಲಿ ಯೋಹಾನ್ ವಾಲ್ಟರ್ ಹಲವು ದನಿಗಳಿಗೆ ಹಾಡು ಕೂಡಿಸಿ ಪುಸ್ತಕ ತಂದಾಗ, ಮುನ್ನುಡಿ ಬರೆದ ಮಾರ್ಟಿನ್ ಲೂಥರ್ ಇದು ಯುವಜನರಿಗಾಗಿ ಎಂದೇ ಹೇಳಿದ. ಮಕ್ಕಳಿಗೆ ಓದಲು ಬಂದರೆ ಹತ್ತು ವರ್ಷದ ನಂತರ ಯಾವ ಹೊಸ ಹಾಡು ಕೊಟ್ಟರೂ ಯಾರನ್ನೂ ಕಾಯದೆ ಕಲಿಯುತ್ತಾರೆ.

ಒಂದು ನಿಯಮಕ್ಕೆ ರಿಯಾಯಿತಿ ಬೇಡ. ಮಕ್ಕಳ ಜೊತೆ ಯಾವಾಗಲೂ ಇಬ್ಬರು ದೊಡ್ಡವರಿರಲಿ, ಬಾಗಿಲು ತೆರೆದಿರಲಿ. ಒಬ್ಬರಿಗೇ ಕೊಡುವ ಕೀಬೋರ್ಡ್ ಪಾಠಕ್ಕೂ ಇದೇ.

ನಮ್ಮ ಆರ್ಗನಿಸ್ಟ್ ಇನ್ನೆರಡು ವರ್ಷಕ್ಕೆ ಬಿಡುತ್ತಾರೆ. ಈಗಲೇ ಏನು ಮಾಡಬೇಕು?

ಎರಡು ವರ್ಷ ಇದೆ ಎಂದರೆ ನೀವು ಪುಣ್ಯವಂತರು. ಅವರ ತಲೆಯಲ್ಲಿರುವುದನ್ನು ಕಾಗದಕ್ಕೆ ಇಳಿಸಿ. ಯಾವ ಹಾಡು ಯಾವ ಶ್ರುತಿ, ಯಾವ ಲಯ. ಮದುವೆಗೆ ಏನು, ಬೂದಿ ಬುಧವಾರಕ್ಕೆ ಏನು. ಆರ್ಗನ್ನಿನ ಯಾವ ಸ್ಟಾಪ್‌ಗಳನ್ನು (ದನಿ ಬದಲಿಸುವ ಗುಂಡಿಗಳನ್ನು) ಒಟ್ಟಿಗೆ ಎಳೆದರೆ ಜನರ ಹಾಡಿಗೆ ಒಪ್ಪುತ್ತದೆ. ಯಾವ ಕೀ ಒಂದೊಂದು ಸಲ ಸಿಕ್ಕಿಕೊಳ್ಳುತ್ತದೆ, ಆಗ ಏನು ಮಾಡಬೇಕು. ಬೀರುವಿನ ಬೀಗದ ಕೈ ಎಲ್ಲಿದೆ. ರಿಪೇರಿಗೆ ಯಾರನ್ನು ಕರೆಯಬೇಕು. ಇಂಥದ್ದನ್ನು ಯಾರೂ ಬರೆದಿಡುವುದಿಲ್ಲ. ಅವರು ಹೋದ ಮೇಲೆ ಎಲ್ಲರೂ ಹುಡುಕುವುದು ಇದನ್ನೇ.

ಆಮೇಲೆ ತಿಂಗಳಿಗೆ ಒಂದು ಭಾನುವಾರ ಅವರು ನುಡಿಸದೆ ಪಕ್ಕದಲ್ಲಿ ಕೂತಿರಲಿ. ಕಲಿಯುವವರು ಮೊದಲು ಒಂದೇ ಹಾಡು ನುಡಿಸಲಿ, ಆಮೇಲೆ ಎರಡು, ಆಮೇಲೆ ಪೂರ್ತಿ ಪೂಜೆ. ಕಲಿಸುವವರು ಪಕ್ಕದಲ್ಲಿರುವಾಗ ಆಗುವ ತಪ್ಪಿಗೆ ಯಾರೂ ಹೆದರಬೇಕಿಲ್ಲ. ಕಲಿಯುವವರು ಇಬ್ಬರು ಮೂವರಿರಲಿ, ಒಬ್ಬರೇ ಆದರೆ ಐದು ವರ್ಷದ ನಂತರ ಇದೇ ಪ್ರಶ್ನೆ ಮತ್ತೆ ಬರುತ್ತದೆ.

ಬಿಡುವವರ ಮನಸ್ಸನ್ನೂ ನೋಡಿಕೊಳ್ಳಿ. ದಶಕಗಟ್ಟಲೆ ಪ್ರತಿ ಹಬ್ಬವನ್ನೂ ಮನೆಯವರ ಜೊತೆ ಕಳೆಯದೆ ಗ್ಯಾಲರಿಯಲ್ಲಿ ಕಳೆದವರು ಅವರು. ಜನರ ಮುಂದೆ, ಪೂಜೆಯಲ್ಲೇ, ಅವರಿಗೆ ಧನ್ಯವಾದ ಹೇಳಿ.

ಹಳೆಯ ಕೊಳವೆ ಆರ್ಗನ್ ರಿಪೇರಿ ಮಾಡಿಸುವುದೋ, ಡಿಜಿಟಲ್ ತರುವುದೋ?

ತೀರ್ಮಾನಕ್ಕೆ ಮುಂಚೆ ಆರ್ಗನ್ ಕಟ್ಟುವ ಕೆಲಸ ಬಲ್ಲವರಿಂದ ತಪಾಸಣೆ ಮಾಡಿಸಿ, ಬರವಣಿಗೆಯಲ್ಲಿ ವರದಿ ತೆಗೆದುಕೊಳ್ಳಿ. ಹೊಸ ವಾದ್ಯ ಮಾರುವವರಿಂದ ಈ ವರದಿ ಬೇಡ.

ಕೊಳವೆ ಆರ್ಗನ್ 'ಸತ್ತುಹೋಗಿದೆ' ಎಂದು ಕಂಡರೂ ಎಷ್ಟೋ ಸಲ ಕೆಟ್ಟಿರುವುದು ತೊಗಲು ಮತ್ತು ವೈರಿಂಗ್ ಮಾತ್ರ. ಗಾಳಿಪೆಟ್ಟಿಗೆಯ ತೊಗಲು ಕೆಲವು ದಶಕಕ್ಕೊಮ್ಮೆ ಬದಲಿಸಲೇಬೇಕಾದದ್ದು. ಕೊಳವೆಗಳ ಆಯುಷ್ಯ ಬೇರೆಯೇ. ಸ್ವಿಟ್ಜರ್ಲೆಂಡಿನ ಸಿಯೋನ್‌ನಲ್ಲಿ ವಲೇರ್ ಬೆಸಿಲಿಕಾದ 15ನೇ ಶತಮಾನದ ಆರ್ಗನ್ ಇವತ್ತಿಗೂ ನುಡಿಯುತ್ತದೆ. ಶ್ರುತಿ ತಪ್ಪಿದೆ ಎಂಬ ದೂರಿಗೂ ಕಾರಣ ಹುಡುಕಿ. ಗಾಳಿ ಬಿಸಿಯಾದಂತೆ ಹೆಚ್ಚಿನ ಕೊಳವೆಗಳ ಶ್ರುತಿ ಏರುತ್ತದೆ: ಒಂದು ಡಿಗ್ರಿ ಸೆಲ್ಸಿಯಸ್‌ಗೆ ಅರ್ಧ ಸ್ವರದ ನೂರು ಪಾಲಿನಲ್ಲಿ ಸುಮಾರು ಮೂರು ಪಾಲು. ನಾಲಿಗೆ ಇರುವ ರೀಡ್ ಕೊಳವೆಗಳು ಅಷ್ಟು ಏರುವುದಿಲ್ಲ. ಹಾಗಾಗಿ ಶ್ರುತಿ ಮಾಡಿದ ದಿನಕ್ಕಿಂತ ಹತ್ತು ಡಿಗ್ರಿ ಬಿಸಿಯಾದ ದಿನ ಎರಡೂ ಜಗಳವಾಡುತ್ತವೆ. ಆರ್ಗನ್ ಕೆಟ್ಟಿಲ್ಲ, ಹವೆ ಬದಲಾಗಿದೆ.

ಡಿಜಿಟಲ್ ಆರ್ಗನ್ ಕಡಿಮೆ ಜಾಗದಲ್ಲಿ ಕೂರುತ್ತದೆ, ಶ್ರುತಿಯ ಖರ್ಚಿಲ್ಲ, ಕಲಿಯುವವರು ಹೆಡ್‌ಫೋನ್ ಹಾಕಿಕೊಂಡು ಅಭ್ಯಾಸ ಮಾಡಬಹುದು. ಆದರೆ ಅದರೊಳಗಿನ ಎಲೆಕ್ಟ್ರಾನಿಕ್ ಭಾಗಗಳು ಮುಂದೆ ಮಾರುಕಟ್ಟೆಯಲ್ಲಿ ಸಿಗದೆ ಹೋಗಬಹುದು. ಅದನ್ನು ಕೊಳ್ಳುವ ದಿನವೇ ಮುಂದಿನದಕ್ಕೆ ಹಣ ಎತ್ತಿಡಲು ಶುರು ಮಾಡಿ. ಸ್ಪೀಕರ್‌ಗೆ ಉಳಿತಾಯ ಮಾಡಬೇಡಿ, ಒಳ್ಳೆಯ ವಾದ್ಯ ಕೆಟ್ಟ ಸ್ಪೀಕರಿನಲ್ಲಿ ಆಟಿಕೆಯಂತೆ ಕೇಳುತ್ತದೆ.

ಇನ್ನೊಂದು ಮಾತು. ನುಡಿಸುವವರೇ ಇಲ್ಲದ ಕಡೆ ದೊಡ್ಡ ವಾದ್ಯ ತಂದು ನಿಲ್ಲಿಸಬೇಡಿ. ದಾನಿಗಳಿಗೆ ಫಲಕ ಹಾಕುವಂಥ ವಸ್ತು ಇಷ್ಟ, ಅದು ಸಹಜ. ಅವರಿಗೆ ಎರಡು ಮಕ್ಕಳ ಐದು ವರ್ಷದ ಪಾಠದ ಖರ್ಚಿನ ಲೆಕ್ಕವನ್ನೂ ತೋರಿಸಿ.

ಸಂಗೀತದವರಿಗೆ ಸಂಬಳ ಕೊಡಬೇಕೇ? ಇದು ಸೇವೆ ಅಲ್ವಾ?

ಸೇವೆ ಹೌದು. ಆದರೆ ವಾರಕ್ಕೆ ಹತ್ತು ಗಂಟೆ ಕೆಲಸ, ಪ್ರತಿ ಹಬ್ಬಕ್ಕೂ ಹಾಜರಿ, ಮದುವೆ, ಅಂತ್ಯಕ್ರಿಯೆ ಎಲ್ಲಕ್ಕೂ ಕರೆ ಎಂದಾದ ಮೇಲೆ ಅದಕ್ಕೆ ನ್ಯಾಯವಾದ ಪ್ರತಿಫಲ ಕೊಡುವುದು ಧರ್ಮ. ಕೆಲಸ ಏನು, ಎಷ್ಟು ಗಂಟೆ, ರಜೆ ಎಷ್ಟು, ಮದುವೆಗೆ ಪ್ರತ್ಯೇಕವಾಗಿ ಎಷ್ಟು, ಎಲ್ಲವೂ ಬರವಣಿಗೆಯಲ್ಲಿರಲಿ. ಹಣವೇ ಬೇಡ ಎನ್ನುವವರಿಗೂ ಬಜೆಟ್ಟಿನಲ್ಲಿ ಒಂದು ಸಾಲು ಇಡಿ. ಇಲ್ಲವಾದರೆ ಅವರ ನಂತರ ಬರುವವರಿಗೆ ಕೊಡಲು ಏನೂ ಇರುವುದಿಲ್ಲ.

ಹಾಡುಗಳನ್ನು ಜೆರಾಕ್ಸ್ ಮಾಡುವುದು, ಪರದೆಯಲ್ಲಿ ತೋರಿಸುವುದು, ಲೈವ್ ಹಾಕುವುದು ಸರಿಯೇ?

ಪ್ರತಿಯೊಂದಕ್ಕೂ ಬೇರೆ ಬೇರೆ ಅನುಮತಿ ಬೇಕಾಗಬಹುದು. ಒಂದು ಹಾಡಿನಲ್ಲಿ ಸಾಹಿತ್ಯ, ರಾಗ, ಸ್ವರಜೋಡಣೆ ಮೂರಕ್ಕೂ ಬೇರೆ ಬೇರೆ ಹಕ್ಕುದಾರರು ಇರಬಹುದು. ಕೃತಿಸ್ವಾಮ್ಯದ ಬಗೆಗಿನ 1886ರ ಬರ್ನ್ ಒಪ್ಪಂದದ ಪ್ರಕಾರ ಸಾಮಾನ್ಯವಾಗಿ ಹಕ್ಕು ಬರೆದವರು ತೀರಿಕೊಂಡ ನಂತರ ಕನಿಷ್ಠ 50 ವರ್ಷ ಇರುತ್ತದೆ, ಹಲವು ದೇಶಗಳಲ್ಲಿ 70. ಹಳೆಯ ಹಾಡಿಗೆ ಹೊಸ ಸ್ವರಜೋಡಣೆ ಇದ್ದರೆ ಆ ಜೋಡಣೆಗೆ ಹಕ್ಕು ಇನ್ನೂ ಇರಬಹುದು. ಪೂಜೆಯಲ್ಲಿ ಹಾಡುವುದಕ್ಕೆ ಹಲವು ದೇಶಗಳ ಕಾನೂನು ವಿನಾಯಿತಿ ಕೊಡುತ್ತದೆ, ಅದೇ ಪೂಜೆಯನ್ನು ಲೈವ್ ಮಾಡುವುದಕ್ಕೆ ಆ ವಿನಾಯಿತಿ ಸಿಗದೆ ಇರಬಹುದು. ನಿಮ್ಮ ದೇಶದ ನಿಯಮ ತಿಳಿದುಕೊಂಡು, ಲೈಸೆನ್ಸ್ ಖರ್ಚನ್ನು ಬಜೆಟ್ಟಿಗೆ ಸೇರಿಸಿ. ಹಾಡು ಬರೆದವರಿಗೂ ಹೊಟ್ಟೆಪಾಡಿದೆ.

ಯಾರೂ ಸಿಗದಿದ್ದರೆ ರೆಕಾರ್ಡ್ ಮಾಡಿದ ಟ್ರ್ಯಾಕ್ ಹಾಕಬಹುದೇ?

ಬೇಡ. ಟ್ರ್ಯಾಕ್ ಜನರಿಗಾಗಿ ಕಾಯುವುದಿಲ್ಲ, ಗುರುಗಳು ನಿಧಾನವಾಗಿ ನಡೆದರೆ ಉದ್ದವಾಗುವುದಿಲ್ಲ. ಒಬ್ಬರು ಎದ್ದು ನಿಂತು ವಾದ್ಯ ಇಲ್ಲದೆ ಹಾಡಿಸಲಿ. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ಇದನ್ನು ರೂಢಿ ಮಾಡಿಕೊಳ್ಳುವುದು ಸುಲಭ. ನಾಲ್ಕನೆಯ ಭಾನುವಾರ ಮತ್ತು ದೊಡ್ಡ ಹಬ್ಬಗಳನ್ನು ಬಿಟ್ಟರೆ ಆ ನಲವತ್ತು ದಿನ ವಾದ್ಯ ಇರಬೇಕಾದದ್ದು ಹಾಡಿಗೆ ಆಸರೆಯಾಗಿ ಮಾತ್ರ.

ಎರಡು ಧರ್ಮಕೇಂದ್ರ ಒಂದಾಗುತ್ತಿವೆ. ಎರಡು ಗಾಯನ ವೃಂದಗಳನ್ನು ಏನು ಮಾಡುವುದು?

ಕೂಡಲೇ ಒಂದು ಮಾಡಬೇಡಿ. ಮೊದಲ ವರ್ಷ ಎರಡೂ ಇರಲಿ. ಎರಡೂ ಕಡೆಯ ಹಾಡಿನ ಪಟ್ಟಿ ಪಕ್ಕಪಕ್ಕದಲ್ಲಿಟ್ಟು ಇಬ್ಬರಿಗೂ ಬರುವ ಹಾಡುಗಳಿಗೆ ಗುರುತು ಹಾಕಿ. ಪವಿತ್ರ ವಾರ, ಕ್ರಿಸ್ಮಸ್, ಪಾಲಕ ಸಂತರ ಹಬ್ಬ, ಇಷ್ಟಕ್ಕೆ ಒಟ್ಟಿಗೆ ಹಾಡಲಿ. ಎರಡು ಕಡೆ ಒಂದೇ ಸಾಹಿತ್ಯಕ್ಕೆ ಬೇರೆ ರಾಗ ಇದ್ದರೆ ಅಲ್ಲೇ ಜಗಳ ಹುಟ್ಟುವುದು. ಅಂಥ ಜಾಗದಲ್ಲಿ ಇಬ್ಬರಿಗೂ ಹೊಸದಾದ ಮೂರನೆಯ ರಾಗ ಕಲಿಸುವುದು ಸುಖ. ಸಣ್ಣ ಕೇಂದ್ರದವರ ಒಂದಾದರೂ ಹಾಡು ದೊಡ್ಡ ಹಬ್ಬದಲ್ಲಿ ಕೇಳಿಬರಲಿ. ಕಟ್ಟಡ ಕಳೆದುಕೊಂಡವರಿಗೆ ತಮ್ಮ ಹಾಡಾದರೂ ಉಳಿಯಬೇಕು.

ಹೊಸ ಗುರುಗಳು ಬಂದು ಎಲ್ಲ ಬದಲಿಸಿದರೆ?

ಬದಲಿಸುವ ಅಧಿಕಾರ ಅವರಿಗಿದೆ. ಆದರೆ ಕಾರಣ ಸಮೇತ ಬರೆದ, ಪಾಲನಾ ಸಮಿತಿ ಒಪ್ಪಿದ ಯೋಜನೆ ಅವರ ಕೈಗೆ ಸಿಕ್ಕರೆ ಹೆಚ್ಚಿನವರು ಅದನ್ನೇ ಮುಂದುವರಿಸುತ್ತಾರೆ. ಏನೂ ಬರೆದಿಲ್ಲದ ಕಡೆ ತಮಗೆ ತಿಳಿದದ್ದನ್ನು ಶುರು ಮಾಡುತ್ತಾರೆ, ಅದು ಅವರ ತಪ್ಪಲ್ಲ.

ಯೋಜನೆ ಎಷ್ಟು ವರ್ಷದ್ದಾಗಿರಬೇಕು?

ಮೂರು. ಭಾನುವಾರದ ವಾಚನಗಳು ಮೂರು ವರ್ಷದ ಚಕ್ರದಲ್ಲಿ ಬರುತ್ತವೆ: ಒಂದು ವರ್ಷ ಮತ್ತಾಯನ ಶುಭಸಂದೇಶ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ, ನಡುವೆ ಯೊವಾನ್ನ. ಹಾಗಾಗಿ ಮೂರು ವರ್ಷದ ಕೀರ್ತನೆಗಳ ಪಲ್ಲವಿಗಳನ್ನು ಒಮ್ಮೆ ಕೂಡಿಸಿಟ್ಟರೆ ನಾಲ್ಕನೆಯ ವರ್ಷಕ್ಕೆ ಅದೇ ಮತ್ತೆ ಕೆಲಸಕ್ಕೆ ಬರುತ್ತದೆ. ಮೊದಲ ವರ್ಷ ಗುರುಗಳು ಮತ್ತು ಜನರ ಸಂವಾದಗಳು, ಎರಡನೆಯ ವರ್ಷ ಮಹಿಮಾಗೀತೆ ಮುಂತಾದವು ಮತ್ತು ಕೀರ್ತನೆ, ಮೂರನೆಯ ವರ್ಷ ಉಳಿದ ಹಾಡುಗಳ ಹೊಸ ಪಟ್ಟಿ. ಮಕ್ಕಳ ಪಾಠ, ವಾದ್ಯದ ನಿಧಿ ಮೊದಲ ದಿನದಿಂದಲೇ ಶುರುವಾಗಿ ಮೂರೂ ವರ್ಷ ಓಡುತ್ತಿರಲಿ.

ಬರೆದದ್ದು ನಾಲ್ಕು ಪುಟ ಮೀರದಿರಲಿ, ಪ್ರತಿ ಕೆಲಸದ ಎದುರು ಒಬ್ಬರ ಹೆಸರಿರಲಿ. ವರ್ಷಕ್ಕೊಮ್ಮೆ, ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲ ಶುರುವಾಗುವ ಎರಡು ತಿಂಗಳು ಮುಂಚೆ, ಸಮಿತಿ ಮತ್ತೆ ಕೂತು ನೋಡಲಿ. ಆ ಸಭೆಗೆ ಬರುವ ಮುಂಚೆ ಪ್ರತಿಯೊಬ್ಬರೂ ಒಂದು ಭಾನುವಾರ ಹಿಂದಿನ ಬೆಂಚಿನಲ್ಲಿ ಕೂತು ಕೇಳಿ ಬರಲಿ.